ರಂಗೋಲಿಯ ಕೆಳಗೆ ತೂರುವವರು

ಒಬ್ಬನು ಚಾಪೆಯ ಕೆಳಗೆ ತೂರಿದರೆ ಇನ್ನೊಬ್ಬನು ರಂಗೋಲಿಯ ಕೆಳಗೆ ತೂರುತ್ತಾನೆ ಎಂಬ ಗಾದೆ ನಮ್ಮಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ತೆರಿಗೆಯ ಶಾಸನವನ್ನು ರಚಿಸುವ ಸರಕಾರಗಳಿಗೂ ಆ ಶಾಸನದ ಅಕ್ಷರವನ್ನು ಮುರಿಯದೆಯೇ ಅದರಿಂದ ಜಾರಿಕೊಳ್ಳುವ ಬೃಹತ್ ಕಂಪನಿಗಳಿಗೂ ಇರುವ ಸಂಬಂಧವನ್ನು ವಿವರಿಸಲು ಇದಕ್ಕಿಂತ ಹೊಂದುವ ಮಾತು ದೊರೆಯಲಾರದು. ಆದಾಯವನ್ನು ಬಚ್ಚಿಟ್ಟು, ಸುಳ್ಳು ಲೆಕ್ಕ ಬರೆದು ತೆರಿಗೆ ಕೊಡದಿರುವುದು ವಂಚನೆ. ಅದು ಅಪರಾಧವೆಂಬುದರಲ್ಲಿ ಎರಡು ಮಾತಿಲ್ಲ. ಲೆಕ್ಕವನ್ನೆಲ್ಲ ತೆರೆದಿಟ್ಟು, ಕಾನೂನಿನ ಪ್ರತಿಯೊಂದು ವಿಧಿಯನ್ನೂ ಪಾಲಿಸಿ, ಕೊನೆಗೆ ಕೊಡಬೇಕಾದುದೇನೂ ಉಳಿಯದಂತೆ ವ್ಯವಹಾರವನ್ನು ಹೆಣೆಯುವುದು ಇನ್ನೊಂದು ಬಗೆ. ಇದಕ್ಕೆ ತೆರಿಗೆ ಯೋಜನೆ ಎಂಬ ಗೌರವದ ಹೆಸರೂ ಇದೆ. ಈ ಎರಡನೆಯದು ಧರ್ಮವೇ ಅಧರ್ಮವೇ ಎಂಬುದು ಇಲ್ಲಿ ವಿಚಾರಣೀಯವಾದ ವಿಷಯ.

ತೆರಿಗೆ ಎತ್ತುವ ಕಾಯಕವನ್ನು ನಮ್ಮ ಪರಂಪರೆ ಹೀನವೆಂದು ಎಣಿಸಿಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಸುಂಕದ ಬಂಕಣ್ಣನವರೂ ಒಬ್ಬರೆಂಬುದನ್ನು ಓದುಗರು ಬಲ್ಲರು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂಬ ಗಾದೆಯೂ ಜನರ ಬಾಯಲ್ಲಿದೆಯೆಂಬುದು ಬೇರೆ ಮಾತು. ಆದರೆ ಇಂದು ಆ ಗಾದೆ ಸಾಮಾನ್ಯ ಗೃಹಸ್ಥನಿಗೆ ಮಾತ್ರ ಅನ್ವಯಿಸುತ್ತದೆ. ದೊಡ್ಡವರು ಸುಂಕದ ಕಟ್ಟೆಗೆ ಬರುವುದೇ ಇಲ್ಲ. ಅವರ ದಾರಿ ಬೇರೆ ಊರಿನ ಮೇಲೆ ಹಾಯ್ದು ಹೋಗುತ್ತದೆ.

ಈ ವಾದಕ್ಕೆ ಮೂಲಪುರುಷನೆಂದು ಇಂಗ್ಲೆಂಡಿನ ವೆಸ್ಟ್‌ಮಿನ್‌ಸ್ಟರ್ ಡ್ಯೂಕನನ್ನು ಹೆಸರಿಸುವುದು ರೂಢಿ. ಆತ ಮಹಾ ಶ್ರೀಮಂತ. ತೋಟದ ಮಾಲಿಗೆ ಕೊಡುವ ಕೂಲಿಯನ್ನು ತನ್ನ ಆದಾಯದಿಂದ ಕಳೆಯಲು ಅಲ್ಲಿಯ ಕಾನೂನು ಅವಕಾಶ ಕೊಡುತ್ತಿರಲಿಲ್ಲ. ಕರಾರುಪತ್ರದ ಮೂಲಕ ಕೊಡುವ ವರ್ಷಾಶನವನ್ನಾದರೆ ಕಳೆಯಬಹುದಾಗಿತ್ತು. ಡ್ಯೂಕನು ಮಾಲಿಗೆ ವರ್ಷಾಶನದ ಪತ್ರವೊಂದನ್ನು ಬರೆದುಕೊಟ್ಟನು. ಮಾಲಿ ಎಂದಿನಂತೆ ತೋಟದಲ್ಲಿ ದುಡಿದನು, ಎಂದಿನಷ್ಟೇ ಹಣ ಪಡೆದನು, ಬದಲಾದದ್ದು ಕಾಗದವೊಂದೇ. ೧೯೩೫ರಲ್ಲಿ ಅಲ್ಲಿಯ ಅತ್ಯುಚ್ಚ ನ್ಯಾಯಪೀಠವು ಡ್ಯೂಕನ ಪರವಾಗಿ ತೀರ್ಪಿತ್ತಿತು. ಕಾನೂನಿನ ಮಿತಿಯೊಳಗೆ ತನ್ನ ತೆರಿಗೆಯನ್ನು ಕಡಿಮೆ ಮಾಡಿಕೊಳ್ಳುವಂತೆ ವ್ಯವಹಾರವನ್ನು ರೂಪಿಸಿಕೊಳ್ಳುವ ಹಕ್ಕು ಪ್ರತಿಯೊಬ್ಬನಿಗೂ ಇದೆಯೆಂಬುದು ಅದರ ತಾತ್ಪರ್ಯ. ಅಂದಿನಿಂದ ಇಂದಿನವರೆಗೆ ಜಗತ್ತಿನ ತೆರಿಗೆ ವಕೀಲರಿಗೆ ಈ ತೀರ್ಪು ಮಂತ್ರಸಮಾನವಾಗಿದೆ.

ಭಾರತದ ಸರ್ವೋಚ್ಚ ನ್ಯಾಯಾಲಯ ೧೯೮೫ರಲ್ಲಿ, ಮದ್ಯ ತಯಾರಿಸುವ ಮ್ಯಾಕ್‌ಡೊವೆಲ್ ಕಂಪನಿಯ ಪ್ರಕರಣದಲ್ಲಿ, ಈ ಮಂತ್ರವನ್ನು ತಿರಸ್ಕರಿಸಿತು. ಬಣ್ಣ ಬಳಿದ ಉಪಾಯಗಳು ತೆರಿಗೆ ಯೋಜನೆಯೆನಿಸಲಾರವು ಎಂದಿತು. ನ್ಯಾಯಮೂರ್ತಿ ಓ. ಚಿನ್ನಪ್ಪರೆಡ್ಡಿಯವರು ಬರೆದ ಪ್ರತ್ಯೇಕ ಅಭಿಪ್ರಾಯದಲ್ಲಿ ಕಾನೂನಿನ ಮಾತಿಗಿಂತ ಮುಂದೆ ಹೋಗಿ ನೀತಿಯ ಪ್ರಶ್ನೆಯನ್ನೇ ಎತ್ತಿದ್ದರು. ನಮ್ಮ ರಾಜ್ಯದ ಮೂರನೆಯ ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷರಾಗಿದ್ದವರೂ ಇವರೇ. ಆದರೆ ನ್ಯಾಯಾಲಯಗಳ ಮನಸ್ಸು ಒಂದೇ ಕಡೆ ನಿಲ್ಲಲಿಲ್ಲ. ಮಾರಿಷಸ್ ದ್ವೀಪದಲ್ಲಿ ಹೆಸರಿಗೊಂದು ಕಂಪನಿ ತೆರೆದು ಭಾರತದ ಷೇರುಗಳಲ್ಲಿ ಗಳಿಸಿದ ಲಾಭಕ್ಕೆ ಇಲ್ಲಿಯೂ ಅಲ್ಲಿಯೂ ತೆರಿಗೆ ಕೊಡದಿರುವ ದಾರಿಗೆ ೨೦೦೩ರಲ್ಲಿ ಅದೇ ನ್ಯಾಯಾಲಯದ ಒಪ್ಪಿಗೆ ದೊರೆಯಿತು. ೧೯೮೨ರ ಆ ಒಪ್ಪಂದವನ್ನು ಸರಕಾರ ತಿದ್ದಿದ್ದು ೨೦೧೬ರಲ್ಲಿ.

ಇಷ್ಟು ಹಿನ್ನೆಲೆಯೊಡನೆ ವೊಡಾಫೋನ್ ಪ್ರಕರಣವನ್ನು ತುಸು ವಿಸ್ತಾರವಾಗಿ ನೋಡುವುದು ಉಚಿತ. ಈ ವಿಷಯದ ಸಮಸ್ತ ಜಟಿಲತೆಯೂ ಅದರಲ್ಲಿ ಅಡಗಿದೆ. ಹಚ್ ಎಂಬ ಹೆಸರಿನ ದೂರವಾಣಿ ಸೇವೆಯನ್ನು ಓದುಗರಲ್ಲಿ ಅನೇಕರು ಬಳಸಿದ್ದಾರು. ಆ ಕಂಪನಿಯ ಗೋಪುರಗಳು ಭಾರತದಲ್ಲಿ, ಗ್ರಾಹಕರು ಭಾರತದಲ್ಲಿ, ತರಂಗಗಳ ಪರವಾನಗಿ ಕೊಟ್ಟದ್ದು ಭಾರತ ಸರಕಾರ. ಅದರ ಸುಮಾರು ಶೇಕಡ ೬೭ರಷ್ಟು ಹಿತಾಸಕ್ತಿ ೨೦೦೭ರಲ್ಲಿ ಸುಮಾರು ೧,೧೦೦ ಕೋಟಿ ಡಾಲರುಗಳಿಗೆ ಕೈಬದಲಾಯಿತು. ಆದರೆ ಕಾಗದದ ಮೇಲೆ ಮಾರಾಟವಾದದ್ದು ಭಾರತದ ಯಾವ ಆಸ್ತಿಯೂ ಅಲ್ಲ. ಕೇಮನ್ ದ್ವೀಪಗಳಲ್ಲಿ ನೋಂದಣಿಯಾದ ಸಿಜಿಪಿ ಎಂಬ ಕಂಪನಿಯ ಒಂದೇ ಒಂದು ಷೇರು. ಮಾರಿದ್ದು ಹಾಂಗ್‌ಕಾಂಗಿನ ಹಚಿಸನ್ ಸಮೂಹ, ಕೊಂಡದ್ದು ನೆದರ್ಲೆಂಡ್ಸ್‌ನಲ್ಲಿ ಸ್ಥಾಪಿತವಾದ ವೊಡಾಫೋನ್ ಸಂಸ್ಥೆ. ಇಬ್ಬರೂ ವಿದೇಶಿಯರು, ವಸ್ತುವೂ ವಿದೇಶದ್ದು. ಭಾರತಕ್ಕೆ ಇಲ್ಲೇನು ಕೆಲಸ ಎಂಬುದು ಅವರ ವಾದ.

ಲಾಭ ಗಳಿಸಿದ್ದು ಮಾರಿದವನು; ಆದರೆ ಹಣ ಕೊಡುವಾಗಲೇ ತೆರಿಗೆಯನ್ನು ಮುರಿದುಕೊಳ್ಳಬೇಕಾಗಿತ್ತೆಂದು ಇಲಾಖೆ ಕೊಂಡವನನ್ನು ಹಿಡಿಯಿತು. ಬೇಡಿಕೆಯ ಮೊತ್ತ ಹನ್ನೊಂದು ಸಾವಿರ ಕೋಟಿ ರೂಪಾಯಿಗೂ ಮಿಕ್ಕದ್ದು. ೨೦೧೦ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯ ಇಲಾಖೆಯ ಪಕ್ಷವನ್ನು ಎತ್ತಿಹಿಡಿಯಿತು. ೨೦೧೨ರ ಜನವರಿ ೨೦ರಂದು ಸರ್ವೋಚ್ಚ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿತು. ಪರೋಕ್ಷವಾದ ಇಂಥ ವರ್ಗಾವಣೆಗೆ ತೆರಿಗೆ ವಿಧಿಸುವ ಮಾತು ಅಂದಿನ ಶಾಸನದಲ್ಲಿ ಇರಲಿಲ್ಲವೆಂಬುದು ನ್ಯಾಯಾಲಯದ ನಿಲುವು. ಕಂಪನಿ ಠೇವಣಿಯಿಟ್ಟಿದ್ದ ೨,೫೦೦ ಕೋಟಿ ರೂಪಾಯಿಯನ್ನು ಬಡ್ಡಿಸಹಿತ ಹಿಂದಿರುಗಿಸಬೇಕಾಯಿತು.

ಇಲ್ಲಿಯವರೆಗೆ ಕಂಪನಿಯ ನೀತಿಯ ಮಾತು. ಮುಂದಿನದು ಸರಕಾರದ ನೀತಿಯದು. ಸೋತ ಸರಕಾರ ಅದೇ ವರ್ಷದ ಹಣಕಾಸು ಶಾಸನದ ಮೂಲಕ ಕಾನೂನನ್ನು ತಿದ್ದಿತು, ಅದೂ ೧೯೬೨ರಿಂದಲೇ ಜಾರಿಯಲ್ಲಿತ್ತೆಂಬಂತೆ. ಆಟ ಮುಗಿದ ಮೇಲೆ ಆಟದ ನಿಯಮವನ್ನು ಬದಲಿಸಿದಂತಾಯಿತು. ಮುಂದಿನ ವ್ಯವಹಾರಗಳಿಗೆ ತೆರಿಗೆ ವಿಧಿಸಿದ್ದರೆ ಯಾರೂ ಆಕ್ಷೇಪಿಸುವಂತಿರಲಿಲ್ಲ. ಐವತ್ತು ವರ್ಷ ಹಿಂದಕ್ಕೆ ಕೈಚಾಚಿದ್ದು ನನ್ನ ದೃಷ್ಟಿಯಲ್ಲಿ ನ್ಯಾಯವಲ್ಲ. ಅದರ ಫಲವನ್ನೂ ದೇಶ ಉಂಡಿತು. ೨೦೨೦ರ ಸೆಪ್ಟೆಂಬರಿನಲ್ಲಿ ಹೇಗ್ ನಗರದ ಅಂತರರಾಷ್ಟ್ರೀಯ ಪಂಚಾಯ್ತಿಯಲ್ಲಿ ಭಾರತ ಸೋತಿತು. ೨೦೨೧ರ ಆಗಸ್ಟಿನಲ್ಲಿ ಸಂಸತ್ತು ಆ ಹಿಂಬರಹದ ತೆರಿಗೆಯನ್ನು ಹಿಂತೆಗೆದುಕೊಂಡಿತು. ಹದಿನಾಲ್ಕು ವರ್ಷಗಳ ವ್ಯಾಜ್ಯದ ಕೊನೆಗೆ ಕೇಮನ್ ದ್ವೀಪದ ಆ ಒಂದು ಷೇರೇ ಗೆದ್ದಿತು. ಕಂಪನಿ ಕಾನೂನು ಮುರಿಯಲಿಲ್ಲವೆಂಬುದು ನಿಜ. ಇಲ್ಲಿಯ ನೆಲ, ಇಲ್ಲಿಯ ತರಂಗ, ಇಲ್ಲಿಯ ಜನರ ಮಾತಿನಿಂದ ಹುಟ್ಟಿದ ಸಂಪತ್ತು ಕೈಬದಲಾದಾಗ ಈ ನೆಲಕ್ಕೆ ಏನೂ ಸಲ್ಲಲಿಲ್ಲವೆಂಬುದೂ ಅಷ್ಟೇ ನಿಜ.

ಇದು ಒಮ್ಮೆ ನಡೆದ ದೊಡ್ಡ ಮಾರಾಟದ ಮಾತಾಯಿತು. ದಿನನಿತ್ಯದ ಲಾಭವನ್ನು ಸಾಗಿಸುವ ಬಗೆ ಬೇರೆ. ಒಂದು ದೇಶದಲ್ಲಿ ಸರಕು ಮಾರಿ, ಹೆಸರು, ವಿನ್ಯಾಸ, ತಂತ್ರಜ್ಞಾನಗಳ ಒಡೆತನವನ್ನು ತೆರಿಗೆಯಿಲ್ಲದ ಇನ್ನೊಂದು ದೇಶದಲ್ಲಿರಿಸಿ, ಅವುಗಳಿಗೆ ಬಾಡಿಗೆಯೆಂದು ಲಾಭವನ್ನೆಲ್ಲ ಅಲ್ಲಿಗೆ ಕಳಿಸುವುದು ಅದರ ತಿರುಳು. ತನ್ನ ಬಲಗೈ ತನ್ನ ಎಡಗೈಗೆ ಬಾಡಿಗೆ ಕೊಟ್ಟು, ಬಲಗೈಯಲ್ಲಿ ಏನೂ ಉಳಿಯಲಿಲ್ಲವೆಂದು ತೋರಿಸಿದಂತೆ. ಗೂಗಲ್ ಸಂಸ್ಥೆ ೨೦೧೭ರ ಒಂದೇ ವರ್ಷದಲ್ಲಿ ೧,೯೯೦ ಕೋಟಿ ಯೂರೊಗಳನ್ನು ನೆದರ್ಲೆಂಡ್ಸ್‌ನ ಒಂದು ಕಂಪನಿಯ ಮೂಲಕ ಬರ್ಮುಡಾ ದ್ವೀಪಕ್ಕೆ ಸಾಗಿಸಿತ್ತು. ಐರ್ಲೆಂಡ್ ಈ ದಾರಿಯನ್ನು ಮುಚ್ಚಿದ್ದು ೨೦೨೦ರ ಕೊನೆಗೆ. ಇದರ ಒಂದು ಎಳೆ ನಮ್ಮ ಬೆಂಗಳೂರಿಗೂ ತಾಗಿದೆ. ಗೂಗಲ್‌ನ ಭಾರತೀಯ ಶಾಖೆ ಜಾಹೀರಾತಿನ ಹಣವನ್ನು ಐರ್ಲೆಂಡಿನ ಶಾಖೆಗೆ ಕಳಿಸುವಾಗ ತೆರಿಗೆ ಮುರಿಯಬೇಕಿತ್ತೆಂದು ಬೆಂಗಳೂರಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ ೨೦೧೭ರಲ್ಲಿ ಹೇಳಿತು. ಕರ್ನಾಟಕ ಉಚ್ಚ ನ್ಯಾಯಾಲಯ ಪ್ರಕರಣವನ್ನು ಮರುವಿಚಾರಣೆಗೆ ಕಳಿಸಿದ ಮೇಲೆ ಅದೇ ಮಂಡಳಿ ೨೦೨೨ರಲ್ಲಿ ಕಂಪನಿಯ ಪರವಾಗಿ ತೀರ್ಪಿತ್ತಿತು.

ಆಪಲ್ ಕಂಪನಿಯ ಮಾತು ಇನ್ನೂ ವಿಚಿತ್ರ. ಯುರೋಪಿನಲ್ಲಿ ಗಳಿಸಿದ ಲಾಭಕ್ಕೆ ಐರ್ಲೆಂಡಿನಲ್ಲಿರುವ ಅದರ ಶಾಖೆ ೨೦೧೪ರಲ್ಲಿ ತೆತ್ತ ತೆರಿಗೆ ಹತ್ತು ಲಕ್ಷ ಯೂರೊಗೆ ಐವತ್ತು ಯೂರೊ ಎಂದು ಯುರೋಪಿಯನ್ ಆಯೋಗ ೨೦೧೬ರಲ್ಲಿ ಲೆಕ್ಕಹಾಕಿತು. ೧,೩೦೦ ಕೋಟಿ ಯೂರೊ ಬಾಕಿಯನ್ನು ವಸೂಲು ಮಾಡುವಂತೆ ಐರ್ಲೆಂಡಿಗೆ ಆಜ್ಞೆಯಾದರೆ, ಆ ದೇಶದ ಸರಕಾರವೇ ನಮಗೆ ಈ ಹಣ ಬೇಡವೆಂದು ಕಂಪನಿಯ ಜೊತೆಗೂಡಿ ವಾದಿಸಿತು! ಕೆಳಗಿನ ನ್ಯಾಯಾಲಯದಲ್ಲಿ ಗೆದ್ದರೂ, ೨೦೨೪ರ ಸೆಪ್ಟೆಂಬರಿನಲ್ಲಿ ಯುರೋಪಿನ ಪರಮೋಚ್ಚ ನ್ಯಾಯಾಲಯದಲ್ಲಿ ಅವರು ಸೋತರು. ಬಾಗಿಲು ಕಾಯಬೇಕಾದವನೇ ಕಿಂಡಿ ಕೊರೆದುಕೊಟ್ಟರೆ ಒಳಗೆ ನುಗ್ಗಿದವನೊಬ್ಬನನ್ನೇ ದೂಷಿಸುವುದು ಹೇಗೆ?

ಕಂಪನಿಗಳ ಪರವಾದ ವಾದವನ್ನು ಅಲಕ್ಷಿಸುವಂತಿಲ್ಲ. ಷೇರುದಾರರ ಹಣಕ್ಕೆ ತಾವು ಧರ್ಮದರ್ಶಿಗಳೆಂದೂ, ಕೊಡಬೇಕಿಲ್ಲದ್ದನ್ನು ಕೊಟ್ಟರೆ ಅದು ಅವರಿಗೆ ಬಗೆದ ದ್ರೋಹವೆಂದೂ, ಕಾನೂನು ಸಡಿಲವಾಗಿದ್ದರೆ ತಿದ್ದಬೇಕಾದವರು ಶಾಸಕರೆಂದೂ ಅವರು ಹೇಳುತ್ತಾರೆ. ಮೂರನೆಯ ಮಾತು ಕೇಳಲು ಸೊಗಸಾಗಿದೆ. ಆದರೆ ಆ ಸಡಿಲವನ್ನು ಉಳಿಸಿಕೊಳ್ಳಲು ಶಾಸಕರ ಬಾಗಿಲಿಗೆ ಅಲೆಯುವವರೂ ಅವರೇ ಆಗಿರುವಾಗ ಅದರ ತೂಕ ಕುಗ್ಗುತ್ತದೆ. ಕಾನೂನು ಎಂಬುದು ಸಮಾಜ ಸಹಿಸುವ ಕನಿಷ್ಠ ಮಿತಿ. ತಂದೆತಾಯಿಗಳಿಗೆ ನ್ಯಾಯಾಲಯ ಗೊತ್ತುಮಾಡಿದಷ್ಟೇ ಜೀವನಾಂಶ ಕೊಡುವ ಮಗನು ಕಾನೂನು ಮುರಿದವನಲ್ಲ. ಅವನನ್ನು ಯಾರೂ ಸುಪುತ್ರನೆನ್ನುವುದಿಲ್ಲ.

ಕೊಡದೆ ಉಳಿದ ಪಾಲನ್ನು ಯಾರೋ ಕೊಡಲೇಬೇಕು. ಒಂದು ಸಾಬೂನು ಕೊಂಡರೂ ಜಿಎಸ್‌ಟಿ ತೆರುವ ಗೃಹಿಣಿಗೆ ಕೇಮನ್ ದ್ವೀಪದ ದಾರಿಯಿಲ್ಲ. ಸಂಬಳ ಕೈಸೇರುವ ಮೊದಲೇ ತೆರಿಗೆ ಮುರಿಸಿಕೊಳ್ಳುವ ಶಿಕ್ಷಕನಿಗೂ ಇಲ್ಲ. ಪೇಟೆಯ ಕಿರಾಣಿ ಅಂಗಡಿಯವನು ಲೆಕ್ಕದ ಪುಸ್ತಕವನ್ನು ಆಡಿಟರಿಗೆ ಒಪ್ಪಿಸುವಾಗ, ದೊಡ್ಡವರಿಗಿಲ್ಲದ ಬಾಧೆ ನನಗೇಕೆ ಎಂದು ಕೇಳಿದರೆ ಏನು ಉತ್ತರ ಕೊಡೋಣ? ಹೋದ ಹಣಕ್ಕಿಂತಲೂ ಪ್ರಾಮಾಣಿಕನ ಮನಸ್ಸಿನಲ್ಲಿ ಹುಟ್ಟುವ ಈ ಪ್ರಶ್ನೆ ನನಗೆ ಹೆಚ್ಚು ಭಯಂಕರವಾಗಿ ತೋರುತ್ತದೆ.

ಸ್ಟಾರ್‌ಬಕ್ಸ್ ಎಂಬ ಕಾಫಿ ಕಂಪನಿ ಬ್ರಿಟನ್ನಿನಲ್ಲಿ ೧೯೯೮ರಿಂದ ಸುಮಾರು ೩೦೦ ಕೋಟಿ ಪೌಂಡಿನ ವ್ಯಾಪಾರ ಮಾಡಿ ಕೇವಲ ೮೬ ಲಕ್ಷ ಪೌಂಡ್ ತೆರಿಗೆ ಕೊಟ್ಟದ್ದು ೨೦೧೨ರಲ್ಲಿ ಬಯಲಾಯಿತು. ಜನ ಸಿಡಿದೆದ್ದಾಗ, ಮುಂದಿನ ಎರಡು ವರ್ಷಗಳಲ್ಲಿ ಎರಡು ಕೋಟಿ ಪೌಂಡ್ ಸ್ವಯಿಚ್ಛೆಯಿಂದ ಕೊಡುವೆನೆಂದು ಅದು ಘೋಷಿಸಿತು. ಜನರು ಸಂತೋಷಪಟ್ಟರೋ ಏನೋ. ನನಗಂತೂ ಇದು ಮೂಲದೋಷಕ್ಕಿಂತ ದೊಡ್ಡದೆನಿಸುತ್ತದೆ. ತೆರಿಗೆ ಭಿಕ್ಷೆಯೂ ಅಲ್ಲ, ದಾನವೂ ಅಲ್ಲ. ದಾಸೋಹ ಕೊಡುವವನ ಮನಸ್ಸಿಗೆ ಬಿಟ್ಟದ್ದು. ಅದರ ಸೊಗಸು ಇರುವುದೇ ಅಲ್ಲಿ. ತೆರಿಗೆ ಋಣ. ಋಣವನ್ನು ತನಗೆ ತೋಚಿದಷ್ಟು ತೀರಿಸಿ ಅದನ್ನು ಔದಾರ್ಯವೆಂದು ಕರೆಯುವುದು ಎರಡನ್ನೂ ಕೆಡಿಸುತ್ತದೆ.

ಈ ಮಾತು ನಮ್ಮ ಅಂಗಳಕ್ಕೂ ಬರುತ್ತದೆ. ನಮ್ಮ ವಿದ್ಯಾಸಂಸ್ಥೆಗಳು, ಪ್ರಸಾದ ನಿಲಯಗಳು ದಾನಿಗಳ ನೆರವಿನಿಂದ ಬೆಳೆದಿವೆ. ಧರ್ಮಾರ್ಥ ಸಂಸ್ಥೆಗಳೆಂದು ತೆರಿಗೆಯ ವಿನಾಯಿತಿಯನ್ನೂ ಪಡೆದಿವೆ. ಆ ವಿನಾಯಿತಿ ಬಡ ವಿದ್ಯಾರ್ಥಿಯ ಅನ್ನಕ್ಕಾಗಿ ಸಮಾಜ ಬಿಟ್ಟುಕೊಟ್ಟ ಪಾಲು. ಅದರ ಲೆಕ್ಕವನ್ನು ಭಕ್ತರು ಕೇಳಿದರೆ ಆಡಳಿತದವರು ಬೇಸರಿಸಬಾರದು. ದೊಡ್ಡ ಕಂಪನಿಯೊಂದು ಕಟ್ಟಡಕ್ಕೆ ಹಣ ಕೊಟ್ಟು ಫಲಕ ಹಾಕಿಸಿದಾಗ, ಅದು ಸರಕಾರಿ ಶಾಲೆಗೆ ಸಲ್ಲಬೇಕಾದ ತೆರಿಗೆಯಲ್ಲಿ ಉಳಿಸಿದ್ದೋ ಎಂದು ವಿಚಾರಿಸುವ ಪದ್ಧತಿ ನಮ್ಮಲ್ಲಿನ್ನೂ ಬಂದಿಲ್ಲ. ವಿಚಾರಿಸುವುದು ಅಸಾಧ್ಯವೇನೂ ಅಲ್ಲ. ಕಂಪನಿಗಳ ವಾರ್ಷಿಕ ವರದಿಯಲ್ಲಿ ತೆರಿಗೆಯ ಅಂಕಿ ಮುದ್ರಿತವಾಗಿರುತ್ತದೆ.

ಕಾನೂನುಗಳು ತಮ್ಮ ಗತಿಯಲ್ಲಿ ಮುಂದುವರಿದಿವೆ. ತೆರಿಗೆ ತಪ್ಪಿಸುವುದಷ್ಟೇ ಮುಖ್ಯ ಉದ್ದೇಶವಾದ ವ್ಯವಹಾರವನ್ನು ಅಮಾನ್ಯಮಾಡುವ ಅಧಿಕಾರ ೨೦೧೭ರ ಏಪ್ರಿಲಿನಿಂದ ನಮ್ಮ ಇಲಾಖೆಗೆ ದೊರೆತಿದೆ. ದೊಡ್ಡ ಕಂಪನಿಗಳು ಎಲ್ಲಿದ್ದರೂ ಕನಿಷ್ಠ ಶೇಕಡ ೧೫ ತೆರಿಗೆ ಕೊಡಬೇಕೆಂದು ೨೦೨೧ರ ಅಕ್ಟೋಬರಿನಲ್ಲಿ ೧೩೬ ರಾಷ್ಟ್ರಗಳು ಒಪ್ಪಿದವು. ೨೦೨೫ರ ಜೂನಿನಲ್ಲಿ ಏಳು ಶ್ರೀಮಂತ ರಾಷ್ಟ್ರಗಳು ಕೂಡಿ, ಅಮೆರಿಕದ ಕಂಪನಿಗಳನ್ನು ಆ ವ್ಯವಸ್ಥೆಯ ಮುಖ್ಯ ನಿಯಮಗಳಿಂದ ಹೊರಗಿಡಲು ಸಮ್ಮತಿಸಿದವು. ಚಾಪೆ ಹಾಸಿದವರೇ ಅದರ ಒಂದು ಅಂಚನ್ನು ಎತ್ತಿ ಹಿಡಿದಿದ್ದಾರೆ.