ಜೀವಕೋಶದೊಳಗಿನ ಕಟ್ಟುನಿಟ್ಟಿನ ಪರೀಕ್ಷಕ

ಶಿವಮೊಗ್ಗೆಯವರಿಗೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಪರಿಚಯವನ್ನು ಯಾರೂ ಮಾಡಿಕೊಡಬೇಕಾಗಿಲ್ಲ. 1923ರಲ್ಲಿ ಮಲೆನಾಡಿನ ಸೌದೆಯ ಇದ್ದಲಿನಿಂದ ಕಬ್ಬಿಣ ಕರಗಿಸತೊಡಗಿದ ಆ ಕಾರ್ಖಾನೆಯಿಂದ ಮುಂದೆ ಬೀಡುಕಬ್ಬಿಣದ ಕೊಳವೆಗಳೂ ಹೊರಬಂದವು. ಎರಕದ ಕಸುಬಿನಲ್ಲಿ ಹಳೆಯದೊಂದು ನ್ಯಾಯವುಂಟು: ಬಿರುಕುಬಿಟ್ಟ ಎರಕವನ್ನು ಯಾರೂ ಎಸೆಯುವುದಿಲ್ಲ, ಒಡೆದು ಮರಳಿ ಕುಲುಮೆಗೆ ಹಾಕುತ್ತಾರೆ. ನಮ್ಮ ಮೈಯ ಒಂದೊಂದು ಜೀವಕೋಶವೂ ಇದೇ ನ್ಯಾಯವನ್ನು ಪಾಲಿಸುತ್ತಿದೆ ಎಂದರೆ ವಾಚಕರಿಗೆ ಸೋಜಿಗವಾದೀತು.

ಇಲ್ಲಿ ತಯಾರಾಗುವ ಸರಕು ಪ್ರೋಟೀನು. ಹಿಂದಿನ ಪಠ್ಯಪುಸ್ತಕಗಳ ಮಾತಿನಲ್ಲಿ, ಸಸಾರಜನಕ. ಅಮೈನೊ ಆಮ್ಲಗಳ ಉದ್ದನೆಯ ಸರವು ತಕ್ಕ ರೀತಿಯಲ್ಲಿ ಮಡಿಚಿಕೊಂಡರೆ ಮಾತ್ರ ಅದು ಕೆಲಸಕ್ಕೆ ಬಂದೀತು. ಕೋಶದ ಹೊರಮೈಗೆ ಹೋಗಬೇಕಾದ ಸರಗಳು ಎಂಡೋಪ್ಲಾಸ್ಮಿಕ್ ಜಾಲವೆಂಬ ಪೊರೆಗಳ ಅಂಕಣದಲ್ಲಿ ಮಡಿಚಿಕೊಳ್ಳುತ್ತವೆ. ಅಲ್ಲಿ ಹಲವು ಸರಗಳಿಗೆ ಹದಿನಾಲ್ಕು ಸಕ್ಕರೆಯ ಕಣಗಳುಳ್ಳ ಒಂದು ಗೊಂಚಲನ್ನು ಅಂಟಿಸಲಾಗುತ್ತದೆ. ಅದೇ ಅದರ ಹಾಜರಿ ಪಟ್ಟಿ! ತುದಿಯ ಗ್ಲೂಕೋಸುಗಳು ಕಳಚಿದ ಮೇಲೂ ಮಡಿಕೆ ಸರಿಹೋಗದಿದ್ದರೆ, ಪರೀಕ್ಷಕ ಪ್ರೋಟೀನೊಂದು ಮತ್ತೆ ಒಂದು ಗ್ಲೂಕೋಸನ್ನು ಸೇರಿಸಿ ಇನ್ನೊಂದು ಅವಕಾಶ ಕೊಡುತ್ತದೆ. ಹೀಗೆ ಬಹಳ ಹೊತ್ತು ಕಾಲಹರಣ ಮಾಡಿದ ಸರದ ಮ್ಯಾನೋಸ್ ಸಕ್ಕರೆಗಳು ಒಂದೊಂದಾಗಿ ಕತ್ತರಿಸಲ್ಪಡುತ್ತವೆ. ಅಲ್ಲಿಗೆ ಅದರ ಹಣೆಬರಹ ಮುಗಿಯಿತು. ಅದನ್ನು ಜಾಲದಿಂದ ಹೊರಗೆಳೆದು, ಯುಬಿಕ್ವಿಟಿನ್ ಎಂಬ ಪುಟ್ಟ ಪ್ರೋಟೀನಿನ ಮುದ್ರೆಯೊತ್ತಿ, ಪ್ರೋಟಿಯಸೋಮ್ ಎಂಬ ಕೊಳವೆಯಾಕಾರದ ಯಂತ್ರಕ್ಕೆ ತಳ್ಳಲಾಗುತ್ತದೆ. ತುಂಡಾದ ಅಮೈನೊ ಆಮ್ಲಗಳು ಹೊಸ ಸರಗಳಿಗೆ ಒದಗುತ್ತವೆ. ಈ ಮುದ್ರೆಯ ಗುಟ್ಟನ್ನು ಬಿಡಿಸಿದ ಚೀಖನೋವರ್, ಹರ್ಷ್ಕೊ, ರೋಸ್ ಎಂಬ ಮೂವರಿಗೆ 2004ರ ನೊಬೆಲ್ ಬಹುಮಾನ ಸಂದಿತು.

ಕೋಶಕ್ಕೆ ಶಕ್ತಿಯೊದಗಿಸುವ ಮೈಟೊಕಾಂಡ್ರಿಯಗಳಲ್ಲಿ ಕತ್ತರಿಸುವ ಕಿಣ್ವಗಳು ಒಳಗೇ ಇವೆ. ದೋಷ ಮಿತಿಮೀರಿದರೆ ಇಡೀ ಮೈಟೊಕಾಂಡ್ರಿಯವನ್ನೇ ಕೋಶವು ನುಂಗಿ ಜೀರ್ಣಿಸಿಕೊಳ್ಳುತ್ತದೆ.

ಆದರೆ ಪರೀಕ್ಷಕನು ಅತಿ ಕಠಿಣನಾದರೆ? ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ರೋಗದ ಕಥೆ ಅಂಥದು. ಯುರೋಪಿನ ಮೂಲದವರಲ್ಲಿ ಹೆಚ್ಚಾಗಿಯೂ ನಮ್ಮ ದೇಶದಲ್ಲಿ ವಿರಳವಾಗಿಯೂ ಕಾಣುವ ಈ ಬೇನೆಯಲ್ಲಿ ಮಗುವಿನ ಬೆವರು ವಿಪರೀತ ಉಪ್ಪಾಗುತ್ತದೆ, ಶ್ವಾಸಕೋಶದಲ್ಲಿ ಅಂಟಾದ ಲೋಳೆ ಕಟ್ಟಿಕೊಳ್ಳುತ್ತದೆ. ಇದರ ಬಹುಪಾಲು ರೋಗಿಗಳಲ್ಲಿ ಕಂಡುಬರುವ ದೋಷವು 1989ರಲ್ಲಿ ಪತ್ತೆಯಾಯಿತು: 1480 ಅಮೈನೊ ಆಮ್ಲಗಳ ಸರದಲ್ಲಿ 508ನೆಯದು ಒಂದೇ ಒಂದು ಬಿಟ್ಟುಹೋಗಿದೆ. ಉತ್ತರಪತ್ರಿಕೆಗಳನ್ನು ತಿದ್ದುವ ನನ್ನಂಥವನಿಗೆ ಇಷ್ಟು ತಪ್ಪಿಗೆ ಒಂದಂಕ ಕಳೆಯಲೂ ಮನಸ್ಸು ಬಾರದು. ಕೋಶವಾದರೋ ಇಡೀ ಸರವನ್ನೇ, ಹೆಚ್ಚುಕಡಿಮೆ ಒಂದೂ ಬಿಡದೆ, ಚೂರುಮಾಡುತ್ತದೆ.

ಕರುಣಾಜನಕವಾದುದೆಂದರೆ, ಆ ಸರ ಪೂರ್ತಿ ನಿರುಪಯೋಗಿಯಲ್ಲ. ಪ್ರಯೋಗಾಲಯದಲ್ಲಿ ಕೋಶಗಳನ್ನು ಮೈಶಾಖಕ್ಕಿಂತ ತಂಪಾಗಿರಿಸಿದಾಗ ಅದರಲ್ಲಿ ಕೆಲವಂಶ ಪರೀಕ್ಷಕನ ಕೈತಪ್ಪಿಸಿಕೊಂಡು ಹೊರಮೈಯನ್ನು ಸೇರಿ, ತಕ್ಕಮಟ್ಟಿಗೆ ಉಪ್ಪನ್ನು ಸಾಗಿಸಿದುದನ್ನು 1992ರಲ್ಲೇ ವಿಜ್ಞಾನಿಗಳು ಕಂಡರು. ಮಗುವನ್ನು ತಂಪಾಗಿರಿಸುವಂತಿಲ್ಲವಷ್ಟೆ! ಆದುದರಿಂದ ಮಡಿಕೆಗೆ ಊರುಗೋಲಾಗುವ ಔಷಧಗಳಿಗಾಗಿ ಹುಡುಕಾಟ ನಡೆಯಿತು. ಅಂಥ ಎರಡನ್ನು, ಹೊರಮೈ ಸೇರಿದ ಪ್ರೋಟೀನಿನ ಬಾಗಿಲು ತೆರೆಯುವ ಮೂರನೆಯದರೊಡನೆ ಬೆರೆಸಿದ ಮಾತ್ರೆಗೆ 2019ರಲ್ಲಿ ಅಮೆರಿಕದ ಸರ್ಕಾರ ಒಪ್ಪಿಗೆಯಿತ್ತಿತು. ಅನೇಕರಿಗೆ ಉಸಿರಾಟ ಸರಾಗವಾಯಿತು. ಅಂದು ಅಲ್ಲಿ ಒಂದು ವರ್ಷದ ಮಾತ್ರೆಗೆ ಗೊತ್ತುಮಾಡಿದ ಬೆಲೆ ಮೂರು ಲಕ್ಷ ಡಾಲರಿಗೂ ಮಿಕ್ಕಿತ್ತು.