ಹಿಮದ ನಾಡಿನಲ್ಲಿ ಡೀಸೆಲ್ ಲಾರಿ

ಲಡಾಖಿನ ಲೇಹ್ ಪಟ್ಟಣವು ಸಮುದ್ರಮಟ್ಟದಿಂದ ಸುಮಾರು 3500 ಮೀಟರು ಎತ್ತರದಲ್ಲಿದೆ. ಅಲ್ಲಿನ ಎತ್ತರದ ಕಣಿವೆಗಳಲ್ಲಿ ಚಳಿಗಾಲದ ಉಷ್ಣತೆಯು ಸೊನ್ನೆಗಿಂತ 30 ಡಿಗ್ರಿ ಸೆಲ್ಸಿಯಸ್ ಕೆಳಕ್ಕೆ ಇಳಿಯುವುದುಂಟು. ಅಂಥದೊಂದು ಬೆಳಗಿನ ಜಾವವನ್ನು ಊಹಿಸಿಕೊಳ್ಳಿರಿ. ರಸ್ತೆಯ ಬದಿಯಲ್ಲಿ ದವಸಧಾನ್ಯ ತುಂಬಿದ ಲಾರಿಯೊಂದು ನಿಂತಿದೆ. ಚಾಲಕನು ಕೀಲಿ ತಿರುಗಿಸುತ್ತಾನೆ. ಎಂಜಿನ್ನು ಒಮ್ಮೆ ನರಳುತ್ತದೆ, ನಿಧಾನವಾಗಿ ಎರಡು ಸುತ್ತು ತಿರುಗುತ್ತದೆ, ನಿಂತುಬಿಡುತ್ತದೆ. ನಿನ್ನೆ ಸಂಜೆ ಇಷ್ಟೇ ಭಾರವನ್ನು ಹೊತ್ತು ಬೆಟ್ಟವೇರಿದ ಯಂತ್ರವೇ ಇದು. ಇದರ ಯಾವ ಭಾಗವೂ ಮುರಿದಿಲ್ಲ, ಇಂಧನವೂ ಮುಗಿದಿಲ್ಲ. ಹಾಗಾದರೆ ಒಂದೇ ರಾತ್ರಿಯಲ್ಲಿ ಇದಕ್ಕೆ ಆದುದೇನು?

ಉತ್ತರವು ಡೀಸೆಲ್ ಎಂಜಿನ್ನಿನ ಮೂಲತತ್ತ್ವದಲ್ಲಿಯೇ ಇದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಇಂಧನವನ್ನು ಹೊತ್ತಿಸಲು ವಿದ್ಯುತ್ ಕಿಡಿಯುಂಟು. ಡೀಸೆಲ್ ಎಂಜಿನ್ನಿನಲ್ಲಿ ಅದಿಲ್ಲ. ಸೈಕಲ್ಲಿಗೆ ಗಾಳಿ ಹಾಕುವಾಗ ಪಂಪಿನ ಬುಡ ಬಿಸಿಯಾಗುವುದನ್ನು ನಾವೆಲ್ಲರೂ ಬಲ್ಲೆವು. ಅನಿಲವನ್ನು ಬೇಗನೆ ಅದುಮಿದರೆ ಅದರ ಉಷ್ಣತೆ ಏರುವುದು. ಈ ಶಾಖದಿಂದಲೇ ಇಂಧನವನ್ನು ಹೊತ್ತಿಸಬಹುದೆಂದು ಜರ್ಮನಿಯ ರುಡಾಲ್ಫ್ ಡೀಸೆಲ್ 1897ರಲ್ಲಿ ತನ್ನ ಯಂತ್ರವನ್ನು ನಡೆಸಿ ತೋರಿಸಿದನು.

ಈಗ ಸ್ವಲ್ಪ ಗಣಿತವನ್ನು ಮಾಡೋಣ. ಸಿಲಿಂಡರಿನೊಳಗಿನ ಗಾಳಿಯನ್ನು ಅದರ ಮೊದಲಿನ ಗಾತ್ರದ 17ರಲ್ಲಿ ಒಂದು ಪಾಲಿಗೆ ಅದುಮಿದೆವೆನ್ನಿ. ಶಾಖವು ಹೆಚ್ಚು ಸೋರಿಹೋಗದಿದ್ದರೆ ಗಾಳಿಯ ನಿರಪೇಕ್ಷ ಉಷ್ಣತೆಯು ಸುಮಾರು 2.7 ಪಟ್ಟಾಗುವುದು. ಬಯಲುಸೀಮೆಯ 30 ಡಿಗ್ರಿ ಸೆಲ್ಸಿಯಸ್ ಎಂದರೆ 303 ಕೆಲ್ವಿನ್. ಅದು 818 ಕೆಲ್ವಿನ್‌ಗೆ, ಅಂದರೆ 545 ಡಿಗ್ರಿ ಸೆಲ್ಸಿಯಸ್‌ಗೆ ಏರುವುದು. ಆದರೆ −30 ಡಿಗ್ರಿಯ ಗಾಳಿಯು 243 ಕೆಲ್ವಿನ್‌ನಿಂದ 656ಕ್ಕೆ, ಅಂದರೆ 383 ಡಿಗ್ರಿ ಸೆಲ್ಸಿಯಸ್‌ಗೆ ಮಾತ್ರ ಏರುವುದು. ಹೊರಗೆ ಇದ್ದ ವ್ಯತ್ಯಾಸ 60 ಡಿಗ್ರಿ; ಒಳಗೆ ಆದುದು 162 ಡಿಗ್ರಿ! ಎಂಜಿನ್ನು ಶಾಖವನ್ನು ಹೇಗೆ ವರ್ಧಿಸುವುದೋ ಹಾಗೆಯೇ ಚಳಿಯನ್ನೂ ವರ್ಧಿಸುವುದು.

383 ಡಿಗ್ರಿ ಸಾಲದೆ, ಎಂದು ವಿದ್ಯಾರ್ಥಿಯೊಬ್ಬನು ಕೇಳಬಹುದು. ಆ ಶಾಖವೆಲ್ಲ ಒಳಗೇ ಉಳಿದಿದ್ದರೆ ಸಾಲುತ್ತಿತ್ತು. ಆದರೆ ಸುತ್ತಲಿನ ಲೋಹದ ಗೋಡೆಗಳು ಮಂಜಿನಂತೆ ತಣ್ಣಗಿವೆ. ಪಿಸ್ಟನ್ನು ನಿಧಾನವಾಗಿ ಚಲಿಸಿದಷ್ಟೂ ಶಾಖವು ಆ ಗೋಡೆಗಳಿಗೆ ಹರಿದುಹೋಗಲು ಹೆಚ್ಚು ಕಾಲ ದೊರೆಯುವುದು. ಪಿಸ್ಟನ್ನಿನ ಬಳೆಗಳ ಸಂದಿಯಿಂದ ಗಾಳಿಯೂ ಸೋರುವುದು. ಲೇಹ್‌ನ ಎತ್ತರದಲ್ಲಿ ವಾಯುವಿನ ಒತ್ತಡವು ಕಡಲತೀರದಲ್ಲಿರುವುದರ ಮೂರನೆಯ ಎರಡು ಪಾಲಿನಷ್ಟೇ ಆದ್ದರಿಂದ ಈ ನಷ್ಟವು ಇನ್ನಷ್ಟು ಬಾಧಿಸುವುದು. ಆದುದರಿಂದ ಎಂಜಿನ್ನನ್ನು ಮೊದಲು ವೇಗವಾಗಿ ತಿರುಗಿಸಬೇಕು. ತಿರುಗಿಸುವವರು ಯಾರು? ಬ್ಯಾಟರಿ. ಅದನ್ನು ತಡೆಯುವವರು ಯಾರು? ಕೀಲೆಣ್ಣೆ.

ಚಳಿಯು ಈ ಎರಡನ್ನೂ ಏಕಕಾಲದಲ್ಲಿ ಕೆಡಿಸುವುದು. ತಣ್ಣಗಾದ ಎಣ್ಣೆಯ ಸ್ನಿಗ್ಧತೆ ಅನೇಕ ಪಟ್ಟು ಹೆಚ್ಚಿ, ಅದು ಪಾಕದಂತೆ ಗಟ್ಟಿಯಾಗುವುದು. ಅತ್ತ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆಯು ಮಂದವಾಗುವುದು. ಹೆಚ್ಚು ಬಲ ಬೇಕಾದ ಗಳಿಗೆಯಲ್ಲಿಯೇ ದೊರೆಯುವ ಬಲ ಕಡಮೆ. ಇನ್ನೊಂದು ಅಪಾಯವೂ ಉಂಟು. ಪೂರ್ಣವಾಗಿ ವಿದ್ಯುತ್ ತುಂಬಿದ ಬ್ಯಾಟರಿಯ ಆಮ್ಲವು ಇಂಥ ಚಳಿಯಲ್ಲಿ ಹೆಪ್ಪುಗಟ್ಟದು; ಬರಿದಾದ ಬ್ಯಾಟರಿಯೊಳಗಿನದು ಬಹುಮಟ್ಟಿಗೆ ನೀರೇ ಆದ್ದರಿಂದ −10 ಡಿಗ್ರಿಯ ಆಸುಪಾಸಿನಲ್ಲಿಯೇ ಹೆಪ್ಪುಗಟ್ಟಿ ಪೆಟ್ಟಿಗೆಯನ್ನು ಬಿರಿಯಬಲ್ಲುದು.

ಇನ್ನು ಇಂಧನದ ವಿಚಾರ. ಚಳಿಗಾಲದ ಬೆಳಿಗ್ಗೆ ನಮ್ಮ ಮನೆಗಳಲ್ಲಿ ಕೊಬ್ಬರಿ ಎಣ್ಣೆ ಗಟ್ಟಿಯಾಗುವುದಷ್ಟೆ. ಡೀಸೆಲ್ಲಿನಲ್ಲಿಯೂ ಅದೇ ತರಹದ ಘಟನೆ ನಡೆಯುವುದು. ಅದರಲ್ಲಿ ನೇರವಾದ ಉದ್ದ ಸರಪಳಿಯ ಹೈಡ್ರೋಕಾರ್ಬನ್ ಅಣುಗಳಿವೆ. ಚಳಿಯಲ್ಲಿ ಇವು ಮೇಣದ ಹರಳುಗಳಾಗಿ ಬೇರ್ಪಡುವುವು. ಮೊದಲು ಇಂಧನ ಮಬ್ಬಾಗುವುದು. ಬಳಿಕ ಹರಳುಗಳು ಫಿಲ್ಟರಿನ ಸಣ್ಣ ರಂಧ್ರಗಳನ್ನು ಮುಚ್ಚುವುವು. ಕೊನೆಗೆ ಇಂಧನವು ಹರಿಯುವುದನ್ನೇ ನಿಲ್ಲಿಸುವುದು. ಇಲ್ಲಿ ಪ್ರಕೃತಿಯ ಒಂದು ವಿನೋದವಿದೆ. ಡೀಸೆಲ್ ಎಷ್ಟು ಸುಲಭವಾಗಿ ಹೊತ್ತುವುದೆಂಬುದನ್ನು ಅಳೆಯಲು ಸೀಟೇನ್ ಎಂಬ ವಸ್ತುವನ್ನು ಮಾನದಂಡವಾಗಿ ಇರಿಸಿಕೊಂಡಿದ್ದಾರೆ. ಆ ಸೀಟೇನ್ 18 ಡಿಗ್ರಿಯಲ್ಲಿಯೇ ಹೆಪ್ಪುಗಟ್ಟುವುದು. ಚೆನ್ನಾಗಿ ಹೊತ್ತುವ ನೇರ ಸರಪಳಿಗಳೇ ಮೊದಲು ಗಟ್ಟಿಯಾಗುವಂಥವು! ಆದುದರಿಂದ ಬಯಲುಸೀಮೆಯಲ್ಲಿ ತೊಟ್ಟಿ ತುಂಬಿಸಿಕೊಂಡು ಹಿಮದ ನಾಡಿಗೆ ಏರಿದ ಲಾರಿಯು ತನ್ನ ಸಂಕಟವನ್ನು ತಾನೇ ಹೊತ್ತುಕೊಂಡು ಹೋಗುವುದು.

ಲಡಾಖಿನ ಚಾಲಕರು ಬಹುಕಾಲ ಡೀಸೆಲ್ಲಿಗೆ ಸೀಮೆಎಣ್ಣೆ ಬೆರೆಸಿ ಈ ಕಷ್ಟವನ್ನು ನಿವಾರಿಸಿಕೊಳ್ಳುತ್ತಿದ್ದರು. ಆದರೆ ಸೀಮೆಎಣ್ಣೆಗೆ ಜಾರುಗುಣ ಕಡಮೆಯಾದ್ದರಿಂದ ಇಂಧನದ ಪಂಪು ಸವೆಯುವುದು. 2019ರ ನವೆಂಬರಿನಲ್ಲಿ ಇಂಡಿಯನ್ ಆಯಿಲ್ ಸಂಸ್ಥೆಯು ಪಾಣಿಪತ್ ಸಂಸ್ಕರಣಾಗಾರದಲ್ಲಿ ತಯಾರಿಸಿದ ಚಳಿಗಾಲದ ಡೀಸೆಲ್ಲನ್ನು ಲಡಾಖಿಗೆ ಒದಗಿಸತೊಡಗಿತು. ಇದು −33 ಡಿಗ್ರಿಯವರೆಗೂ ಹರಿಯುವ ಗುಣವನ್ನು ಉಳಿಸಿಕೊಳ್ಳುವುದು.

ಉಳಿದ ಪರಿಹಾರಗಳೆಲ್ಲವೂ ಶಾಖದ ಲೆಕ್ಕವೇ. ಸಣ್ಣ ಉರಿಕವೊಂದರಿಂದ ಎಂಜಿನ್ನಿನ ಸುತ್ತ ಹರಿಯುವ ದ್ರವವನ್ನು ಮೊದಲೇ ಬಿಸಿಮಾಡಬಹುದು. ಒಳಹೋಗುವ ಗಾಳಿಯನ್ನು ವಿದ್ಯುತ್ ತಂತಿಯ ಜಾಲರಿಯಿಂದ ಕಾಯಿಸಬಹುದು. ಬ್ಯಾಟರಿಯನ್ನು ರಾತ್ರಿ ಮನೆಯೊಳಗೆ ಇರಿಸಬಹುದು. ಸುಲಭವಾಗಿ ಹೊತ್ತುವ ಈಥರನ್ನು ಗಾಳಿಯೊಡನೆ ಸಿಂಪಡಿಸುವವರೂ ಉಂಟು. ಆದರೆ ಕಾಯಿಸುವ ಜಾಲರಿ ಕೆಂಪಗಿರುವಾಗ ಹೀಗೆ ಮಾಡಿದರೆ ಸ್ಫೋಟವಾದೀತು. ಎಂಜಿನ್ನಿನ ಕೆಳಗೆ ಬೆಂಕಿ ಹೊತ್ತಿಸುವ ಹಳೆಯ ಪದ್ಧತಿಯಲ್ಲಿ ಲಾರಿಯೇ ಸುಟ್ಟುಹೋಗುವ ಭಯವಿದೆ.

ಎಂಜಿನ್ನು ಹೊರಟ ಮೇಲೆ ಕಷ್ಟಗಳು ತೀರಿದುವೆಂದು ತಿಳಿಯಬಾರದು. ರಾತ್ರಿಯೆಲ್ಲ ಅದನ್ನು ಸುಮ್ಮನೆ ಓಡಿಸುತ್ತಿದ್ದರಾಯಿತಲ್ಲ ಎಂದು ತೋರಬಹುದು. ಆದರೆ ಡೀಸೆಲ್ ಎಂಜಿನ್ನು ಬಿಡುವಾಗಿರುವಾಗಲೂ ಹೊಟ್ಟೆ ತುಂಬ ತಣ್ಣನೆಯ ಗಾಳಿಯನ್ನು ಸೇದಿಕೊಳ್ಳುವುದು, ಇಂಧನವನ್ನು ಮಾತ್ರ ಅತ್ಯಲ್ಪವಾಗಿ ಉರಿಸುವುದು. ಆದ್ದರಿಂದ ಅದು ಕ್ರಮೇಣ ತಣ್ಣಗಾಗುವುದು. ಅರೆಬೆಂದ ಇಂಧನವು ಗೋಡೆಗಳ ಮೇಲಿನ ಎಣ್ಣೆಯ ಪದರವನ್ನು ತೊಳೆದುಬಿಡುವುದು. ಚಾಲಕರು ರೇಡಿಯೇಟರಿನ ಮುಂದೆ ಹೊದಿಕೆ ಕಟ್ಟುವುದು ಶಾಖವನ್ನು ಒಳಗೇ ಉಳಿಸಲೆಂದು. ರೇಡಿಯೇಟರಿನಲ್ಲಿ ಬರಿಯ ನೀರಿರಬಾರದು. ನೀರು ಹೆಪ್ಪುಗಟ್ಟಿದಾಗ ನೂರಕ್ಕೆ ಸುಮಾರು 9ರಷ್ಟು ಹಿಗ್ಗಿ ಬೀಡುಕಬ್ಬಿಣವನ್ನೂ ಸೀಳುವುದು. ಎಥಿಲೀನ್ ಗ್ಲೈಕಾಲನ್ನು ಸಮಪ್ರಮಾಣದಲ್ಲಿ ಬೆರೆಸಿದರೆ ಮಿಶ್ರಣವು −35 ಡಿಗ್ರಿಯಲ್ಲಿಯೂ ದ್ರವವಾಗಿರುವುದು. ಬರಿಯ ಗ್ಲೈಕಾಲ್ ಆದರೋ −13 ಡಿಗ್ರಿಯಲ್ಲಿಯೇ ಗಟ್ಟಿಯಾಗುವುದು. ಎರಡೂ ಸೇರಿದಾಗಲೇ ಪರಸ್ಪರ ಕಾಪಾಡುವುವು. ಗಾಳಿಯೊತ್ತಡದ ಬ್ರೇಕುಗಳ ಸಂಗತಿಯಂತೂ ಪ್ರಾಣಕ್ಕೆ ಸಂಬಂಧಿಸಿದುದು. ಅದುಮಿದ ಗಾಳಿಯ ತೇವವು ನಳಿಗೆಗಳಲ್ಲಿ ಮಂಜುಗಡ್ಡೆಯಾದರೆ ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ ಹೋಗಬಹುದು. ಅದಕ್ಕಾಗಿ ಗಾಳಿಯ ತೊಟ್ಟಿಯಲ್ಲಿ ಸೇರಿದ ನೀರನ್ನು ತಪ್ಪದೆ ಹೊರಬಿಡಬೇಕು.

ಹೀಗೆ ನೋಡಿದರೆ, ನಮ್ಮ ಲಾರಿಯನ್ನು ನಿಲ್ಲಿಸಿದುದು ಯಾವುದೋ ಒಂದು ದೋಷವಲ್ಲ. ಗಾಳಿ, ಲೋಹ, ಎಣ್ಣೆ, ಬ್ಯಾಟರಿ, ಇಂಧನ ಇವೆಲ್ಲವೂ ತಮ್ಮ ತಮ್ಮ ನಿಯಮಗಳನ್ನು ತಪ್ಪದೆ ಪಾಲಿಸಿದುವು, ಅಷ್ಟೆ. ಆ ನಿಯಮಗಳನ್ನು ಅರಿತ ಚಾಲಕನು ಹಿಂದಿನ ಸಂಜೆಯೇ ಸರಿಯಾದ ಡೀಸೆಲ್ ತುಂಬಿಸಿ, ಗಾಳಿಯ ತೊಟ್ಟಿಯ ನೀರನ್ನು ಬಸಿದು, ಬ್ಯಾಟರಿಯನ್ನು ಬಿಚ್ಚಿ ಒಳಗೆ ಒಯ್ಯುವನು. ಹಿಮ ಬಿದ್ದು ಕಣಿವೆಯ ದಾರಿ ಮುಚ್ಚುವ ಮೊದಲು ದವಸವು ಊರನ್ನು ಮುಟ್ಟುವುದೋ ಇಲ್ಲವೋ ಎಂಬುದು ಅನೇಕ ವೇಳೆ ಆ ಅರ್ಧ ಗಂಟೆಯ ಕೆಲಸದಲ್ಲಿಯೇ ತೀರ್ಮಾನವಾಗಿರುವುದು.