ಫೈಲ್ ಕೊಡುವ ಕೆಲಸ ಯಾರದು?

ಹಾಲ್ ಟಿಕೆಟ್ ಬಿಟ್ಟ ದಿನ ವೆಬ್‌ಸೈಟ್ ತೆರೆದುಕೊಳ್ಳುವುದೇ ಇಲ್ಲ. ಸೈಬರ್ ಸೆಂಟರ್ ಮುಂದೆ ಸಾಲು, ಮೊಬೈಲ್ ಪರದೆಯ ಮೇಲೆ ಸುತ್ತುತ್ತಲೇ ಇರುವ ಚಕ್ರ. ‘ಸರ್ವರ್ ಬ್ಯುಸಿ’ ಎಂಬ ಮಾತು ಉದ್ಯೋಗಾಕಾಂಕ್ಷಿಗಳಿಗೆಲ್ಲ ಬಾಯಿಪಾಠ. ಜನ ಜಾಸ್ತಿ, ಸರ್ವರ್ ಚಿಕ್ಕದು ಎಂದು ಸಮಾಧಾನ ಮಾಡಿಕೊಳ್ಳುತ್ತೇವೆ. ಆದರೆ ಎಷ್ಟೋ ಸಲ ಕಾರಣ ಬೇರೆಯೇ ಇರುತ್ತದೆ. ಫೈಲ್ ತಲುಪಿಸುವ ಕೆಲಸವನ್ನು ಅದಕ್ಕೆ ತಕ್ಕದ್ದಲ್ಲದ ಪ್ರೋಗ್ರಾಮ್‌ಗೆ ವಹಿಸಿರುತ್ತಾರೆ.

ಕಾಲೇಜು ಪ್ರಾಜೆಕ್ಟ್‌ಗಳಲ್ಲಿ ಡೌನ್‌ಲೋಡ್ ಬಟನ್‌ಗೆ ಬರೆಯುವ ಕೋಡ್ ಸಾಮಾನ್ಯವಾಗಿ ಹೀಗಿರುತ್ತದೆ: ಲಾಗಿನ್ ಪರೀಕ್ಷಿಸು, ಪಿಡಿಎಫ್ ಓದು, ಕಳುಹಿಸು. ಲ್ಯಾಬ್‌ನಲ್ಲಿ ಒಬ್ಬರೇ ಒತ್ತಿ ನೋಡಿದಾಗ ಏನೂ ತೊಂದರೆ ಕಾಣದು. ಈಗ ಲೆಕ್ಕ ಹಾಕೋಣ. ಹಾಲ್ ಟಿಕೆಟ್ 1 ಎಂಬಿ ಇದೆ, ಹಳ್ಳಿಯ ನೆಟ್‌ವರ್ಕ್ ವೇಗ ಸೆಕೆಂಡಿಗೆ 200 ಕಿಲೋಬಿಟ್ ಎಂದುಕೊಳ್ಳಿ. ಡೌನ್‌ಲೋಡ್ ಮುಗಿಯಲು 40 ಸೆಕೆಂಡ್ ಬೇಕು. ಆ್ಯಪ್‌ನಲ್ಲಿ 10 ವರ್ಕರ್‌ಗಳಿದ್ದು, ಅವೇ ನೇರವಾಗಿ ಫೈಲ್ ಕಳುಹಿಸುತ್ತಿದ್ದರೆ, ನಿಧಾನ ನೆಟ್‌ವರ್ಕ್‌ನ 10 ಮಂದಿ ಸಾಕು, ಎಲ್ಲ ವರ್ಕರ್‌ಗಳೂ ಸಿಕ್ಕಿಬೀಳುತ್ತವೆ. 11ನೆಯವರು ಬರೀ ಲಾಗಿನ್ ಪುಟಕ್ಕೂ ಕಾಯಬೇಕು. ವಿಚಿತ್ರವೆಂದರೆ, ಆ ಹೊತ್ತಿನಲ್ಲಿ ಪ್ರೊಸೆಸರ್‌ಗೆ ಹೆಚ್ಚು ಕೆಲಸವೇ ಇರುವುದಿಲ್ಲ. ವರ್ಕರ್‌ಗಳನ್ನು ಹೆಚ್ಚಿಸುತ್ತಾ ಹೋದರೆ ಮೆಮೊರಿ ಸಾಲದು.

ಹಾಗಾದರೆ ಪಿಡಿಎಫ್‌ಗಳನ್ನೆಲ್ಲ ತೆರೆದ ಫೋಲ್ಡರ್‌ನಲ್ಲಿ ಇಟ್ಟುಬಿಟ್ಟರೆ? ವೇಗವೇನೋ ಸಿಗುತ್ತದೆ. ಆದರೆ ಫೈಲ್‌ನ ಹೆಸರು ನೋಂದಣಿ ಸಂಖ್ಯೆಯೇ ಆಗಿದ್ದರೆ, ಕೊನೆಯ ಅಂಕಿ ಬದಲಿಸಿದವರಿಗೆ ಇನ್ನೊಬ್ಬರ ಫೋಟೊ, ಜನ್ಮದಿನಾಂಕ ಎಲ್ಲ ಕೈಗೆ ಸಿಗುತ್ತವೆ.

ನ್ಯಾಯಬೆಲೆ ಅಂಗಡಿಯನ್ನು ನೆನಪಿಸಿಕೊಳ್ಳಿ. ಒಬ್ಬರು ಕಾರ್ಡ್ ನೋಡಿ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾರೆ, ಇನ್ನೊಬ್ಬರು ಅಕ್ಕಿ ತೂಗಿ ಕೊಡುತ್ತಾರೆ. ಕಾರ್ಡ್ ನೋಡುವವರೇ ಎದ್ದು ಹೋಗಿ ಅಕ್ಕಿಯನ್ನೂ ತೂಗುತ್ತಿದ್ದರೆ ಸಾಲು ಮುಂದೆ ಸಾಗದು. ವೆಬ್ ಆ್ಯಪ್‌ನಲ್ಲೂ ಕೆಲಸ ಹೀಗೇ ಹಂಚಿಕೆಯಾಗಬೇಕು.

ಅದಕ್ಕೆ ದಾರಿ ಇದೆ. ಇಗೊರ್ ಸಿಸೊಯೆವ್ ಬರೆದು, 2004ರಲ್ಲಿ ಬಿಡುಗಡೆಯಾದ ಎಂಜಿನ್‌ಎಕ್ಸ್ ಸರ್ವರ್, ಒಬ್ಬೊಬ್ಬರಿಗೆ ಒಂದೊಂದು ವರ್ಕರ್ ಮೀಸಲಿಡದೆ ಸಾವಿರಾರು ಸಂಪರ್ಕಗಳನ್ನು ಒಟ್ಟಿಗೆ ನೋಡಿಕೊಳ್ಳಬಲ್ಲದು. ನಮ್ಮ ಆ್ಯಪ್ ಲಾಗಿನ್ ಪರೀಕ್ಷಿಸಿ, ಫೈಲ್‌ನ ಬದಲು ‘ಎಕ್ಸ್-ಆ್ಯಕ್ಸೆಲ್-ರಿಡೈರೆಕ್ಟ್’ ಎಂಬ ಒಂದು ಸಾಲಿನ ಹೆಡರ್ ಕಳುಹಿಸಿದರೆ ಸಾಕು. ಉಳಿದದ್ದು ಎಂಜಿನ್‌ಎಕ್ಸ್ ಪಾಲಿಗೆ. ಫೈಲ್‌ಗಳಿರುವ ಜಾಗವನ್ನು ‘ಇಂಟರ್ನಲ್’ ಎಂದು ಗುರುತಿಸಿದರೆ ಹೊರಗಿನವರು ನೇರವಾಗಿ ಅಲ್ಲಿಗೆ ಹೋಗಲಾರರು. ವರ್ಕರ್‌ಗೆ 40 ಸೆಕೆಂಡ್ ಹಿಡಿಯುತ್ತಿದ್ದ ಕೆಲಸ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಅಪಾಚೆ ಸರ್ವರ್‌ಗೂ ಇಂಥದ್ದೇ ‘ಎಕ್ಸ್-ಸೆಂಡ್‌ಫೈಲ್’ ಇದೆ. ಕ್ಲೌಡ್‌ನಲ್ಲಿ ಫೈಲ್ ಇಟ್ಟವರು ಕೆಲವೇ ನಿಮಿಷ ಬಾಳುವ ಸಹಿ ಮಾಡಿದ ಲಿಂಕ್ ಕೊಡಬಹುದು.

ಇನ್ನೊಂದು ಲಾಭವೂ ಇದೆ. ಶೇ 90ರಷ್ಟು ಇಳಿದ ಫೈಲ್ ನೆಟ್‌ವರ್ಕ್ ಹೋದೊಡನೆ ಮತ್ತೆ ಸೊನ್ನೆಯಿಂದ ಶುರುವಾಗುವ ಸಂಕಟ ಗೊತ್ತಲ್ಲ? ಎಚ್‌ಟಿಟಿಪಿಯಲ್ಲಿ ‘ರೇಂಜ್’ ಎಂಬ ಸೌಲಭ್ಯವಿದೆ. ‘ಇಷ್ಟನೇ ಬೈಟ್‌ನಿಂದ ಕೊಡಿ’ ಎಂದು ಬ್ರೌಸರ್ ಕೇಳಿದರೆ, ಸರ್ವರ್ 206 ಎಂಬ ಸಂಕೇತದೊಂದಿಗೆ ಉಳಿದ ಭಾಗವನ್ನಷ್ಟೇ ಕಳುಹಿಸುತ್ತದೆ. ಎಂಜಿನ್‌ಎಕ್ಸ್ ಇದನ್ನು ತಾನೇ ಮಾಡುತ್ತದೆ. ನಮ್ಮ ಕೋಡ್‌ನಿಂದಲೇ ಫೈಲ್ ಕಳುಹಿಸುವಾಗ ಎಷ್ಟೋ ಸಲ ಇದು ಬಿಟ್ಟೇಹೋಗಿರುತ್ತದೆ.

ಗುಂಡಿ ಒತ್ತಿದಾಗಲೆಲ್ಲ ಹೊಸದಾಗಿ ಪಿಡಿಎಫ್ ತಯಾರಿಸುವುದೂ ದಂಡ. ಪ್ರಕಟಣೆಯ ಹಿಂದಿನ ರಾತ್ರಿಯೇ ಎಲ್ಲವನ್ನೂ ಒಮ್ಮೆ ತಯಾರಿಸಿಟ್ಟರೆ, ಬೆಳಿಗ್ಗೆ ಕೊಡುವುದಷ್ಟೇ ಕೆಲಸ.

ಅಂತಿಮ ವರ್ಷದ ಪ್ರಾಜೆಕ್ಟ್ ಮಾಡುತ್ತಿರುವವರು ಇದನ್ನು ಇವತ್ತೇ ಪರೀಕ್ಷಿಸಬಹುದು. ಕ್ರೋಮ್‌ನ ಡೆವಲಪರ್ ಟೂಲ್ಸ್‌ನಲ್ಲಿ ನೆಟ್‌ವರ್ಕ್ ವೇಗವನ್ನು 3ಜಿಗೆ ಇಳಿಸಿ, ನಾಲ್ಕಾರು ಗೆಳೆಯರಿಂದ ಒಟ್ಟಿಗೆ ಡೌನ್‌ಲೋಡ್ ಮಾಡಿಸಿ, ಅದೇ ಹೊತ್ತಿಗೆ ಲಾಗಿನ್ ಪುಟ ತೆರೆದು ನೋಡಿ. ‘ಸಾವಿರ ಮಂದಿ ಒಟ್ಟಿಗೆ ಬಂದರೆ ಏನು ಮಾಡುತ್ತೀರಿ?’ ಎಂದು ಸಂದರ್ಶನದಲ್ಲಿ ಕೇಳಿದರೆ, ‘ದೊಡ್ಡ ಸರ್ವರ್ ಕೊಳ್ಳುತ್ತೇವೆ’ ಎನ್ನುವ ಮೊದಲು ಕೊಡಬಹುದಾದ ಒಂದು ಉತ್ತರವಾದರೂ ಕೈಯಲ್ಲಿರುತ್ತದೆ. ನಾಳೆ ಇಂಥ ವೆಬ್‌ಸೈಟ್‌ಗಳನ್ನು ಕಟ್ಟುವವರು ನಾವೇ ತಾನೆ?